ಕುಲುಮೆಯ ಒಡೆಯನ ಹೊಣೆ

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಬೃಹತ್ ಕೈಗಾರಿಕೆಗಳಲ್ಲಿ ಪರಿಸರ ರಕ್ಷಣೆಯ ನಾಯಕತ್ವವನ್ನು ಕುರಿತು ವೈದ್ಯರು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಹೊಗೆಗೂಡಿನ ತುದಿಯಿಂದ ಹೊರಟದ್ದು ಕೊನೆಗೆ ಬಂದು ಸೇರುವುದು ನಮ್ಮ ಚಿಕಿತ್ಸಾಲಯಕ್ಕೇ. ಆ ನಂಟಿನಿಂದಲೇ ಈ ವಿಷಯವನ್ನು ಆಯ್ದುಕೊಂಡೆವು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಪೆನ್ಸಿಲ್ವೇನಿಯಾದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲ. ಶ್ವಾಸಕೋಶದ ಅರ್ಬುದಕ್ಕೆ ತುತ್ತಾದ ವೃದ್ಧರೊಬ್ಬರು ದಾಖಲಾದರು. ಸಿಗರೇಟು ಸೇದುವಿರಾ ಎಂದು ಮೂರು ಸಲ ಕೇಳಿದೆವು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಒಂದು ಸಲವೂ ಕೇಳಲಿಲ್ಲ. ನಾಲ್ಕನೆಯ ದಿನ ಅವರ ಪತ್ನಿಯೇ ಹೇಳಿದರು: ‘ಇವರು 22 ವರ್ಷ ಕೋಕ್ ಒಲೆಗಳ ಮೇಲೆ ನಿಂತು ದುಡಿದವರು, ಡಾಕ್ಟರೇ.’ ಕಲ್ಲಿದ್ದಲನ್ನು ಕಾಯಿಸಿ ಉಕ್ಕಿನ ಕಾರ್ಖಾನೆಗೆ ಕೋಕ್ ಮಾಡುವ ಆ ಒಲೆಗಳ ಮೇಲ್ಭಾಗದಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರಿಗೆ ಶ್ವಾಸಕೋಶದ ಅರ್ಬುದದ ಅಪಾಯ ಹತ್ತು ಪಟ್ಟು ಎಂಬುದು ಪಿಟ್ಸ್‌ಬರ್ಗ್ ಪ್ರದೇಶದ ಕಾರ್ಮಿಕರ ಅಧ್ಯಯನದಿಂದ 1971ರಲ್ಲೇ ಪ್ರಕಟವಾಗಿತ್ತು. ಗ್ರಂಥಾಲಯದಲ್ಲಿದ್ದ ಆ ಜ್ಞಾನ ನಮ್ಮ ನಾಲಗೆಗೆ ಬಂದಿರಲಿಲ್ಲ. ರೋಗಿಯ ಕಸುಬೇನೆಂದು ವಿಚಾರಿಸಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝೀನಿ 1700ರಲ್ಲೇ ಬೋಧಿಸಿದ್ದರು. ವೈದ್ಯ ಆ ಪ್ರಶ್ನೆಯನ್ನು ರೋಗಿಗೆ ಕೇಳಬೇಕು. ಕಾರ್ಖಾನೆಯ ನಾಯಕನಾದರೋ ಅದನ್ನು ತಿರುಗಿಸಿ ತನಗೇ ಕೇಳಿಕೊಳ್ಳಬೇಕು: ನನ್ನ ಕೆಲಸ ಯಾರನ್ನು ರೋಗಿಯನ್ನಾಗಿಸುತ್ತಿದೆ?

ಆ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಪಿಟ್ಸ್‌ಬರ್ಗಿನ ದಕ್ಷಿಣಕ್ಕಿರುವ ಡೊನೋರಾ ಸಾಕ್ಷಿ. 1948ರ ಅಕ್ಟೋಬರ್ ಕೊನೆಯ ವಾರದಲ್ಲಿ ಮನಾಂಗಹೀಲಾ ನದಿಯ ಕಣಿವೆಯ ಮೇಲೆ ಬಿಸಿಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿತು. ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆ ಮೇಲೇರಲಾರದೆ ಬೀದಿಗಿಳಿಯಿತು. ಅಗ್ನಿಶಾಮಕ ದಳದ ಸ್ವಯಂಸೇವಕರು ಆಮ್ಲಜನಕದ ಸಿಲಿಂಡರು ಹೊತ್ತು ಮನೆಯಿಂದ ಮನೆಗೆ ಓಡಾಡಿದರು. ಸುಮಾರು 14,000 ಜನರಿದ್ದ ಊರಿನಲ್ಲಿ ಹೆಚ್ಚುಕಡಿಮೆ 6,000 ಮಂದಿ ಅಸ್ವಸ್ಥರಾದರು. 20 ಮಂದಿ ತೀರಿಕೊಂಡರು. ಸತುವಿನ ಕುಲುಮೆಗಳ ಕೆಲಸ ನಿಂತದ್ದು ಅಕ್ಟೋಬರ್ 31ರ ಭಾನುವಾರ ಬೆಳಗ್ಗೆ. ಅಂದೇ ಮಳೆಯೂ ಬಂದು ಹೊಗೆ ಕರಗಿತು. ಕುಲುಮೆಯನ್ನು ತಗ್ಗಿಸುವ ವಿದ್ಯೆ ಶುಕ್ರವಾರವೂ ಅವರಿಗೆ ತಿಳಿದೇ ಇತ್ತು. ಇರಲಿಲ್ಲವಾದದ್ದು ತಗ್ಗಿಸಿರೆಂದು ಹೇಳುವ ಮನಸ್ಸು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಅದೇ ಪಿಟ್ಸ್‌ಬರ್ಗಿನದು. 1987ರಲ್ಲಿ ಪಾಲ್ ಓನೀಲ್ ಅವರು ಅಲ್ಯೂಮಿನಿಯಂ ತಯಾರಿಸುವ ಅಲ್ಕೋವಾ ಸಂಸ್ಥೆಯ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದಿನ ಪ್ರಥಮ ಭಾಷಣದಲ್ಲಿ ಅವರು ಲಾಭದ ಮಾತೆತ್ತದೆ, ಕಾರ್ಮಿಕರಿಗೆ ಗಾಯವೇ ಆಗಬಾರದೆಂಬ ಗುರಿಯನ್ನು ಸಾರಿದರು. ಯಾರಿಗೇ ಗಾಯವಾದರೂ 24 ಗಂಟೆಗಳೊಳಗೆ ಆ ವಿಭಾಗದ ಮುಖ್ಯಸ್ಥರು ಕಾರಣವನ್ನೂ ಪರಿಹಾರವನ್ನೂ ತಮಗೆ ತಿಳಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಗಾಯದಿಂದ ಕೆಲಸ ತಪ್ಪುವ ಪ್ರಮಾಣ ವರ್ಷಕ್ಕೆ ನೂರು ಕಾರ್ಮಿಕರಿಗೆ 1.86 ಇದ್ದದ್ದು, 2000ದ ಹೊತ್ತಿಗೆ ಸುಮಾರು 0.2ಕ್ಕೆ ಇಳಿಯಿತು. ಲಾಭ ಕುಗ್ಗಲಿಲ್ಲ, ಹೆಚ್ಚಿತು. ಆ ಸಂಸ್ಥೆ ನಿರ್ದೋಷಿಯೆಂದು ನಮ್ಮ ಅಭಿಪ್ರಾಯವಲ್ಲ. ಮೆಕ್ಸಿಕೋದ ಘಟಕವೊಂದರಲ್ಲಿ ಕಾರ್ಮಿಕರು ಅನಿಲದಿಂದ ಅಸ್ವಸ್ಥರಾದ ಸುದ್ದಿಯನ್ನು ಮೇಲಕ್ಕೆ ತಿಳಿಸಿರಲಿಲ್ಲ. 1996ರಲ್ಲಿ ಅದು ಬಯಲಾದಾಗ ಹೊಣೆಗಾರರಾದ ಹಿರಿಯ ಅಧಿಕಾರಿಯನ್ನೇ ಓನೀಲ್ ಕೆಲಸದಿಂದ ತೆಗೆದರು. ಅಪಘಾತಕ್ಕಿಂತ ಅದನ್ನು ಮುಚ್ಚಿಟ್ಟದ್ದು ದೊಡ್ಡ ಅಪರಾಧವೆಂಬ ಪಾಠ ಎಲ್ಲರಿಗೂ ಮುಟ್ಟಿತು.

ಇದು ಸುರಕ್ಷತೆಯ ಕಥೆಯಾಯಿತು, ಪರಿಸರದ ಕಥೆಯೆಲ್ಲಿ ಎಂದು ನೀವು ಕೇಳಬಹುದು. ಎರಡಕ್ಕೂ ಮೂಲ ಒಂದೇ ಎಂಬುದು ನಮ್ಮ ನಂಬಿಕೆ. ಅಲ್ಯೂಮಿನಿಯಂ ತೆಗೆಯುವಾಗ ಅಲ್ಯೂಮಿನಾ ಪುಡಿಯನ್ನು ಕುದಿಯುವಂಥ ಬಿಸಿಯ ದ್ರವದಲ್ಲಿ ಕರಗಿಸಿ ವಿದ್ಯುತ್ ಹಾಯಿಸುತ್ತಾರೆ. ಪುಡಿಯ ಪ್ರಮಾಣ ಕಡಿಮೆಯಾದರೆ ವೋಲ್ಟೇಜ್ ಥಟ್ಟನೆ ಏರಿ, ಕಾರ್ಬನ್ ಟೆಟ್ರಾಫ್ಲೋರೈಡ್ ಎಂಬ ಅನಿಲ ಹೊಮ್ಮುತ್ತದೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಪ್ರಬಲ. ವಾಯುಮಂಡಲದಲ್ಲಿ ಸುಮಾರು 50,000 ವರ್ಷ ಉಳಿಯುತ್ತದೆ. ಅದನ್ನು ತಗ್ಗಿಸುವ ದಾರಿಯಾದರೂ ಏನು? ಹಸುಗೂಸಿಗೆ ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪವೇ ಉಣಿಸುವಂತೆ ಪುಡಿಯನ್ನು ಹದವರಿತು ಹಾಕುವುದು, ಪ್ರತಿಯೊಂದು ತೊಟ್ಟಿಯ ಮೇಲೂ ಕಣ್ಣಿಡುವುದು. ಇದರಿಂದ ವಿದ್ಯುತ್ತೂ ಉಳಿಯುತ್ತದೆ. 1995ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೊಡನೆ ಅಲ್ಯೂಮಿನಿಯಂ ಕಂಪನಿಗಳು ಸ್ವಯಂ ಒಪ್ಪಂದ ಮಾಡಿಕೊಂಡು ಈ ಮಾರ್ಗದಲ್ಲೇ ನಡೆದವು. ಕಾರ್ಮಿಕನ ಬೆರಳಿಗಾಗುವ ಗಾಯವನ್ನು ಗಮನಿಸುವ ಕಣ್ಣೇ ಆಕಾಶಕ್ಕಾಗುವ ಗಾಯವನ್ನೂ ಗಮನಿಸಬಲ್ಲದು.

ನಾಯಕರು ತಾವಾಗಿ ನಿಲ್ಲಿಸದಿದ್ದರೆ ಬೇರೆಯವರು ನಿಲ್ಲಿಸುತ್ತಾರೆ. ಇದಕ್ಕೆ ನಮ್ಮ ನಾಡಿನ ಕುದುರೆಮುಖವೇ ನಿದರ್ಶನ. ಭದ್ರಾ ನದಿಯ ಜಲಾನಯನ ಪ್ರದೇಶದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಕೊನೆಗೊಳಿಸಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2005ರ ಅಂತ್ಯಕ್ಕೆ ಗಣಿ ನಿಂತಿತು. ಕಾಡು ಉಸಿರಾಡಿತು, ಆದರೆ ಗಣಿಯನ್ನು ನಂಬಿ ಬೆಳೆದ ಊರು ಬರಿದಾಯಿತು. ಮುಂದಾಲೋಚನೆಯಿಲ್ಲದಿದ್ದರೆ ಅದರ ದಂಡವನ್ನು ತೆರುವವರು ಸಾಮಾನ್ಯ ಸಂಸಾರಗಳೇ.

ಈ ಸಭೆಯಲ್ಲಿ ಉಕ್ಕು, ಸಿಮೆಂಟು, ರಾಸಾಯನಿಕ ಕಾರ್ಖಾನೆಗಳ ಅನ್ನ ಉಣ್ಣುವ ಕುಟುಂಬಗಳು ಅನೇಕ. ಆ ಅನ್ನವನ್ನು ಹಳಿಯಲು ನಾವು ಬಂದಿಲ್ಲ. ನಾವು ಹಿಡಿಯುವ ಸ್ಟೆತೋಸ್ಕೋಪಿಗೂ ಲೋಹ ಬೇಕು. ತರುಣ ಎಂಜಿನಿಯರುಗಳೇ, ನಾಳೆ ನೀವು ವ್ಯವಸ್ಥಾಪಕರಾಗುವಿರಿ. ಆಗ ಮೂರು ಪ್ರಶ್ನೆಗಳನ್ನು ಮರೆಯಬೇಡಿ. ಕೆಟ್ಟ ಸುದ್ದಿ ನಿಮ್ಮ ಮೇಜಿಗೆ ಅಂದೇ ತಲುಪುತ್ತದೆಯೇ? ರಾತ್ರಿ ಪಾಳಿಯ ಕೆಲಸಗಾರನು ಯಾರಿಗೂ ಅಂಜದೆ ಯಂತ್ರವನ್ನು ನಿಲ್ಲಿಸಬಲ್ಲನೇ? ನಿಮ್ಮ ಹೊಗೆಗೂಡಿನ ಗಾಳಿ ಬೀಸುವ ದಿಕ್ಕಿನಲ್ಲಿ ನಿಮ್ಮ ಮಕ್ಕಳನ್ನು ಆಡಲು ಬಿಡುವಿರಾ? ಮೂರಕ್ಕೂ ಹೌದೆಂದು ಉತ್ತರಿಸುವಂತೆ ಕಾರ್ಖಾನೆ ನಡೆಸುವವನೇ ನಿಜವಾದ ನಾಯಕ.

ಆ ವೃದ್ಧ ರೋಗಿ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ರೋಗಿಯನ್ನೂ ಕಸುಬು ಕೇಳದೆ ಕಳುಹಿಸಿಲ್ಲ. ತಡವಾಗಿ ಕಲಿತ ಪಾಠ. ನೀವು ಬೇಗ ಕಲಿಯಿರೆಂಬುದೇ ನಮ್ಮ ಕೋರಿಕೆ.