ಲಲಿತಾಗೆ ಅತ್ತಿದ್ದು ನಾನು, ಗೌರಿಗೆ ಅತ್ತಿದ್ದು ಅಮ್ಮ

ಇಯರ್‌ಫೋನ್ ಹಾಕ್ಕೊಂಡು ಬಟವಾಡಿ ಸ್ಟಾಪಲ್ಲಿ ಬೆಂಗಳೂರು ಬಸ್ಸಿಗೆ ಕಾಯ್ತಾ ಇರೋರಿಗೂ ಸೇರಿಸಿ ನಮಸ್ಕಾರ. ಬೆಳಿಗ್ಗೆ ಆರೂವರೆಗೆ ನಾನೂ ಅಲ್ಲೇ ನಿಂತಿರ್ತೀನಿ.

ಹೋದ ವಾರ ಮೊದಲನೇ ಸಲ ‘ಎರಡು ಕನಸು’ ನೋಡಿದೆ. 1974ರ ಸಿನಿಮಾ, ದೊರೈ–ಭಗವಾನ್ ನಿರ್ದೇಶನ. ರಾಜನ್–ನಾಗೇಂದ್ರ ಅವರ ಹಾಡುಗಳು ಮದುವೆ ಮನೆ ಆರ್ಕೆಸ್ಟ್ರಾದಲ್ಲಿ ಕೇಳಿ ಕೇಳಿ ಬಾಯಿಪಾಠ. ಹಾಗಾಗಿ ಪ್ರೇಮಿಗಳು ಕೊನೆಗೆ ಒಂದಾಗ್ತಾರೆ ಅಂದ್ಕೊಂಡೇ ಕೂತೆ.

ಆಗಲ್ಲ ಸ್ವಾಮಿ! ರಾಜ್‌ಕುಮಾರ್ ಇಲ್ಲಿ ಕಾಲೇಜು ಲೆಕ್ಚರರ್. ಲಲಿತಾನ ಪ್ರೀತಿಸ್ತಾರೆ, ಮನೆಗಳ ಮನಸ್ತಾಪದಲ್ಲಿ ಅದು ಮುರಿದುಬೀಳುತ್ತೆ. ತಾಯಿಗೋಸ್ಕರ ಗೌರಿ ಕೊರಳಿಗೆ ತಾಳಿ ಕಟ್ತಾರೆ, ಮನಸ್ಸು ಮಾತ್ರ ಕೊಡಲ್ಲ.

ಲಲಿತಾ ಆಗಿರೋದು ಮಂಜುಳಾ. ನಮ್ಮ ತುಮಕೂರು ಜಿಲ್ಲೆಯವರು, ಆಗಿನ್ನೂ ಇಪ್ಪತ್ತರ ಆಸುಪಾಸು. 1986ರಲ್ಲೇ ತೀರಿಕೊಂಡರು. ಅವರು ತೆರೆ ಮೇಲೆ ನಕ್ಕಾಗ ನನಗೆ ಅದೂ ನೆನಪಾಗಿ ಒಂಥರಾ ಆಯ್ತು. ನಾನು ಪೂರ್ತಿ ಅವರ ಪಾರ್ಟಿ. ಪಕ್ಕದಲ್ಲಿ ಅವರೆಕಾಳು ಸುಲೀತಾ ಕೂತಿದ್ದ ಅಮ್ಮ, ಗೌರಿ ಬಂದಾಗಲೆಲ್ಲ ಕೈ ನಿಲ್ಲಿಸ್ತಾ ಇದ್ರು.

ಗೌರಿ ಅಂದ್ರೆ ಕಲ್ಪನಾ. ಗಂಡ ಮಾತಾಡಿಸದ ಮನೇಲಿ ಅವಳು ದಿನಾ ಕಾಯ್ತಾಳೆ. ಅವಳಿಗೆ ಇಷ್ಟೊಂದು ತಾಳ್ಮೆ ಕೊಟ್ಟಿದ್ದು ನನಗೆ ಸರಿ ಅನ್ನಿಸಲಿಲ್ಲ, ಒಂದು ಸಲನಾದ್ರೂ ಬೈಬೇಕಿತ್ತು. ಆದ್ರೆ ಕಲ್ಪನಾ ಸುಮ್ಮನೆ ನಿಂತ್ರೂ ಆ ಒಂಟಿತನ ಗೊತ್ತಾಗುತ್ತೆ. ಕಥೆ ವಾಣಿ ಅವರ ಕಾದಂಬರಿಯದ್ದು. ಹೆಂಗಸು ಬರೆದಿದ್ದಕ್ಕೇ ಕ್ಯಾಮೆರಾ ಗೌರಿ ಕಡೆಗೂ ತಿರುಗ್ತು ಅಂತ ನನ್ನ ಅನಿಸಿಕೆ.

“ಇವಳೇನು ತಪ್ಪು ಮಾಡಿದ್ಲು?” ಅಂದ್ರು ಅಮ್ಮ.

ನಾನು ಪಾಸ್ ಒತ್ತಿದೆ. ಯಾಕಂದ್ರೆ ಭಾನುವಾರ ಗುಬ್ಬಿಗೆ ಹೆಣ್ಣು ನೋಡೋಕೆ ಹೋಗೋದಿತ್ತು. ನನ್ನ ಹುಡುಗಿ ದೂರ ಆಗಿ ಐದು ತಿಂಗಳು. ಅವಳ ಮೆಸೇಜು ಇನ್ನೂ ಡಿಲೀಟ್ ಮಾಡಿಲ್ಲ. ಅಮ್ಮನ ಬಲವಂತಕ್ಕೆ ಹೂಂ ಅಂದಿದ್ದೆ.

“ಭಾನುವಾರ ಬೇಡಮ್ಮ” ಅಂದೆ.

ಅಮ್ಮ ಯಾಕೆ ಅಂತ ಕೇಳಲಿಲ್ಲ. “ಪಾಪ, ಅವರು ನೆಂಟರಿಗೆಲ್ಲ ಹೇಳಿರ್ತಾರೆ. ಈಗಲೇ ಫೋನ್ ಮಾಡು. ನೀನೇ ಮಾಡು, ನಾನು ಮಾಡಲ್ಲ.”

ಮಾಡಿದೆ. ಹುಡುಗಿ ತಂದೆ ಎತ್ತಿದ್ರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಬರೋ ಮುಂಚೆ ಹೇಳಿದ್ರಲ್ಲ, ಬಿಡಿ” ಅಂದು ಇಟ್ರು.

ಉಳಿದ ಸಿನಿಮಾ ನೋಡಿದ್ವಿ. ಕೊನೆ ಏನಾಗುತ್ತೆ ಅಂತ ಹೇಳಲ್ಲ, ನೋಡದೇ ಇರೋರು ಇದ್ದೀರ. ಅಮ್ಮ ಅತ್ತರು. ಅವರೆಕಾಳು ಅರ್ಧ ಹಾಗೇ ಉಳಿದಿತ್ತು, ನಾನೇ ಸುಲಿದೆ.