ಡಿಸ್ಕ್ ಇಮೇಜ್ ಕಡತದ ಆವೃತ್ತಿಯನ್ನು ಅರಿಯುವ ಬಗೆ
(ಹೊರನಾಡ ಕನ್ನಡ ಸಂಘಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿರುವ ನಮ್ಮ ಸಂಘಗಳ ಸದಸ್ಯರ ಪಟ್ಟಿ, ಲೆಕ್ಕಪತ್ರ, ಗ್ರಂಥಾಲಯದ ಪುಸ್ತಕಸೂಚಿ ಮೊದಲಾದವು ಇಂದು ಗಣಕಯಂತ್ರವನ್ನು ಸೇರಿವೆ. ಆದುದರಿಂದ ಯಂತ್ರದ ಯೋಗಕ್ಷೇಮವೂ ಸಂಘದ ಕೆಲಸವೇ ಆಗಿದೆ. ಆ ಕೆಲಸದ ಒಂದು ಸಣ್ಣ ಭಾಗವನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

2022ರಲ್ಲಿ ನಾನು ಸದಸ್ಯನಾಗಿದ್ದ ಒಂದು ಸಂಘದ ಯಂತ್ರ ನಿಧಾನವಾಗಿ ನಡೆಯತೊಡಗಿತು. ಕಪಾಟಿನಲ್ಲಿದ್ದ ಪೆನ್‌ಡ್ರೈವ್ ಒಂದರಲ್ಲಿ ‘ಹೊಸದು’ ಎಂಬ ಹೆಸರಿನ ಐ.ಎಸ್.ಓ. ಕಡತವೊಂದು ಸಿಕ್ಕಿತು. ಹೆಸರನ್ನು ನಂಬಿ ಅದನ್ನೇ ಯಂತ್ರದಲ್ಲಿ ಅಳವಡಿಸಲು ಹೊರಟೆವು. ಯಂತ್ರದಲ್ಲಿದ್ದುದು ವಿಂಡೋಸ್ 10. ಕಡತದೊಳಗಿದ್ದುದು ವಿಂಡೋಸ್ 7. ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಕಡತಗಳನ್ನು ಉಳಿಸಿಕೊಂಡು ಅಳವಡಿಸಬಹುದು. ಹಳೆಯದನ್ನು ಹೊಸದರ ಮೇಲೆ ಹಾಗೆ ಅಳವಡಿಸಲಾಗದು. ಇದನ್ನರಿಯದೆ ಡಿಸ್ಕನ್ನು ಅಳಿಸಿ ಮುಂದುವರಿದೆವು. ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ತಾಯಿಯೊಬ್ಬರು ತಿಂಗಳುಗಟ್ಟಲೆ ಕುಳಿತು ಸಿದ್ಧಪಡಿಸಿದ್ದ ಪುಸ್ತಕಸೂಚಿ ಅಳಿಸಿಹೋಯಿತು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಐದು ನಿಮಿಷದ ಪರೀಕ್ಷೆಯಿಂದ ತಪ್ಪಬಹುದಾಗಿದ್ದ ನಷ್ಟವದು.

ಡಿಸ್ಕ್ ಇಮೇಜ್ ಎಂಬುದು ಒಂದು ಇಡೀ ಡಿಸ್ಕಿನ ಯಥಾವತ್ತಾದ ಪ್ರತಿ. ಇದರ ವಿನ್ಯಾಸಕ್ಕೆ ಆಧಾರವಾದ ಐ.ಎಸ್.ಓ. 9660 ಎಂಬ ಮಾನಕವು ಸಿ.ಡಿ.ಗಳಿಗಾಗಿ 1988ರಲ್ಲಿ ಪ್ರಕಟವಾಯಿತು. ಅದರಂತೆ ಡಿಸ್ಕು 2048 ಬೈಟುಗಳ ಖಂಡಗಳಾಗಿ ವಿಭಾಗವಾಗಿರುತ್ತದೆ. ಮೊದಲ 16 ಖಂಡಗಳನ್ನು ಬಿಟ್ಟು ಮುಂದಿನದರಲ್ಲಿ ಡಿಸ್ಕಿನ ಪರಿಚಯವಿರುತ್ತದೆ. ಡಿಸ್ಕಿನ ಹೆಸರಿಗೆಂದು ಅಲ್ಲಿ 32 ಅಕ್ಷರಗಳ ಸ್ಥಳವನ್ನು ಮೀಸಲಿಡಲಾಗಿದೆ. ಕಡತದ ಹೊರಗಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಒಳಗಿನ ಹೆಸರು ಅದಕ್ಕಿಂತ ಮೇಲು. ಆದರೆ ಅದೂ ತಯಾರಿಸಿದವರು ಬರೆದದ್ದೇ ಆದುದರಿಂದ ಪೂರ್ಣ ಸಾಕ್ಷ್ಯವಾಗಲಾರದು.

ಹಾಗಾದರೆ ಒಳಗೆ ನೋಡುವುದು ಹೇಗೆ? 2012ರಲ್ಲಿ ಬಂದ ವಿಂಡೋಸ್ 8 ಮತ್ತು ಅನಂತರದ ಆವೃತ್ತಿಗಳಲ್ಲಿ ಐ.ಎಸ್.ಓ. ಕಡತದ ಮೇಲೆ ಎರಡು ಬಾರಿ ಒತ್ತಿದರೆ ಅದು ಒಂದು ಡ್ರೈವಿನಂತೆ ತೆರೆದುಕೊಳ್ಳುತ್ತದೆ. ತೆರೆದು ನೋಡುವುದರಿಂದ ಯಂತ್ರದಲ್ಲಿ ಏನೂ ಬದಲಾಗದು. ಆದರೆ ಅಲ್ಲಿ ಕಾಣುವ ‘ಸೆಟಪ್’ ಎಂಬುದನ್ನು ಮುಟ್ಟಬಾರದು. ವಿಂಡೋಸ್ ಇಮೇಜ್ ಆಗಿದ್ದರೆ ‘ಸೋರ್ಸಸ್’ ಎಂಬ ಫೋಲ್ಡರಿನಲ್ಲಿ ‘ಇನ್‌ಸ್ಟಾಲ್’ ಎಂಬ ದೊಡ್ಡ ಕಡತವಿರುತ್ತದೆ. ವಿಂಡೋಸ್‌ನಲ್ಲಿಯೇ ಇರುವ ‘ಡಿಸ್ಮ್’ ಎಂಬ ಉಪಕರಣದಿಂದ ಆ ಕಡತದ ಮಾಹಿತಿಯನ್ನು ಕೇಳಿದರೆ, ಅದರಲ್ಲಿರುವ ಹೋಮ್, ಪ್ರೊ ಮೊದಲಾದ ಪ್ರಭೇದಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿನ ಕ್ರಮಸಂಖ್ಯೆಯನ್ನು ಕೊಟ್ಟು ಮತ್ತೊಮ್ಮೆ ಕೇಳಿದರೆ ಆವೃತ್ತಿಯ ಸಂಖ್ಯೆ, ಭಾಷೆ, 32 ಬಿಟ್ಟೋ 64 ಬಿಟ್ಟೋ ಎಂಬುದೆಲ್ಲ ತಿಳಿಯುತ್ತದೆ.

ಈ ಸಂಖ್ಯೆಯನ್ನು ಓದುವಾಗ ಎಚ್ಚರ ಅಗತ್ಯ. ವಿಂಡೋಸ್ 7ರ ಸಂಖ್ಯೆ 7 ಅಲ್ಲ, 6.1. ವಿಂಡೋಸ್ 8ರದು 6.2, 8.1ರದು 6.3. ವಿಂಡೋಸ್ 10 ಮತ್ತು 11 ಎರಡೂ ತಮ್ಮನ್ನು 10.0 ಎಂದೇ ಹೇಳಿಕೊಳ್ಳುತ್ತವೆ. ಅವುಗಳ ಭೇದವನ್ನು ಮುಂದಿನ ಬಿಲ್ಡ್ ಸಂಖ್ಯೆಯಿಂದ ತಿಳಿಯಬೇಕು: ಮನೆ, ಕಚೇರಿಗಳ ಸಾಮಾನ್ಯ ಯಂತ್ರಗಳ ಮಟ್ಟಿಗೆ 22000 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ 11, 19041ರಂತೆ ಅದಕ್ಕೆ ಕೆಳಗಿದ್ದರೆ 10.

ಲಿನಕ್ಸ್ ಬಳಸುವವರ ಕೆಲಸ ಇನ್ನೂ ಸುಲಭ. ಉಬುಂಟು, ಡೆಬಿಯನ್ ಇಮೇಜ್‌ಗಳಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಡಿಸ್ಕ್’ ಎಂಬ ಫೋಲ್ಡರಿನೊಳಗೆ ‘ಇನ್ಫೋ’ ಎಂಬ ಕಡತವಿದ್ದು, ಹೆಸರು, ಆವೃತ್ತಿ, ದಿನಾಂಕಗಳು ಅದರಲ್ಲಿ ಸರಳ ಅಕ್ಷರಗಳಲ್ಲಿಯೇ ದೊರೆಯುತ್ತವೆ. ಉಬುಂಟುವಿನ ಆವೃತ್ತಿ ಸಂಖ್ಯೆಯು ವರ್ಷ ಮತ್ತು ತಿಂಗಳನ್ನು ಸೂಚಿಸುತ್ತದೆ, 24.04 ಎಂದರೆ 2024ರ ಏಪ್ರಿಲ್.

ಆವೃತ್ತಿ ತಿಳಿದ ಮಾತ್ರಕ್ಕೆ ಕಡತವು ವಿಶ್ವಾಸಾರ್ಹವೆಂದು ಭಾವಿಸಬಾರದು. ನಡುವೆ ಯಾರಾದರೂ ಅದನ್ನು ತಿದ್ದಿರಬಹುದು. ಇದನ್ನು ಪರೀಕ್ಷಿಸಲು ಎಸ್.ಎಚ್.ಎ. 256 ಎಂಬ ಕ್ರಮವಿದೆ. ಅದು ಇಡೀ ಕಡತವನ್ನು ಲೆಕ್ಕಹಾಕಿ 64 ಅಂಕಾಕ್ಷರಗಳ ಮೊತ್ತವೊಂದನ್ನು ಕೊಡುತ್ತದೆ. ಒಳಗೆ ಒಂದು ಅಕ್ಷರ ಬದಲಾದರೂ ಮೊತ್ತ ಬೇರೆಯಾಗುತ್ತದೆ. ತಯಾರಕರು ಪ್ರಕಟಿಸಿರುವ ಮೊತ್ತದೊಡನೆ ಅದು ತಾಳೆಯಾಗದಿದ್ದರೆ ಆ ಕಡತವನ್ನು ಬಳಸಕೂಡದು.

ಕೊನೆಯದಾಗಿ, ಆ ಆವೃತ್ತಿಗೆ ಇನ್ನೂ ರಕ್ಷಣೆ ಇದೆಯೇ ಎಂಬುದನ್ನು ವಿಚಾರಿಸಬೇಕು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದವು. ಭದ್ರತೆಯ ತಿದ್ದುಪಡಿಗಳು ಬಾರದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ ಸದಸ್ಯರ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅದರಲ್ಲಿಡುವುದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಹಣವಿಟ್ಟಂತೆ.

ಬಂಧುಗಳೇ, ನನ್ನ ವಿನಂತಿ ಇಷ್ಟೆ. ಮೊದಲು ನಿಮ್ಮ ಕಡತಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ. ಅನಂತರ ಇಮೇಜನ್ನು ತೆರೆದು ಆವೃತ್ತಿಯನ್ನು ನೋಡಿ, ಮೊತ್ತವನ್ನು ತಾಳೆಹಾಕಿ, ಬೆಂಬಲದ ಅವಧಿಯನ್ನು ತಿಳಿದುಕೊಳ್ಳಿ. ಕಂಡುಕೊಂಡ ಆವೃತ್ತಿಯನ್ನೂ ಪರೀಕ್ಷಿಸಿದ ದಿನಾಂಕವನ್ನೂ ಕಡತದ ಹೆಸರಿನಲ್ಲಿಯೇ ಬರೆದಿಡಿ. ‘ಹೊಸದು’ ಎಂಬ ಹೆಸರು ಇಟ್ಟ ದಿನಕ್ಕೆ ಮಾತ್ರ ನಿಜ. ಸಂಖ್ಯೆ ಮತ್ತು ದಿನಾಂಕ ನಾಳೆ ಬರುವವರಿಗೂ ದಾರಿ ತೋರುತ್ತವೆ.

ನಮ್ಮ ಆ ಹಿರಿಯರು ಸೂಚಿಯನ್ನು ಮೊದಲ ಪುಸ್ತಕದಿಂದ ಮತ್ತೆ ಬರೆಯತೊಡಗಿದರು. ಅಂಥ ಶ್ರಮ ಇನ್ನೊಬ್ಬರ ಪಾಲಿಗೆ ಬಾರದಿರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.