ಆರಿದ್ರಾ ನಕ್ಷತ್ರ ಮಂಕಾದಾಗ

(ಕಾಟನ್‌ಪೇಟೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಆರಿದ್ರಾ ಮಳೆ ನಿಮಗೆಲ್ಲ ಗೊತ್ತು. ಪೇಟೆಗೆ ಬಂದು ಎಷ್ಟು ವರ್ಷ ಆದರೂ ಊರಿನ ಗಾದೆ ಮರೆಯಲ್ಲ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅಂತೀವಿ. ಆ ಹೆಸರಿನ ನಕ್ಷತ್ರವನ್ನು ನೋಡಿದವರು ಎಷ್ಟು ಜನ? ಮಳೆ ಬರುವ ಜೂನ್ ತಿಂಗಳಲ್ಲಿ ಅದು ಕಾಣುವುದಿಲ್ಲ. ಆಗ ಅದು ಸೂರ್ಯನ ಜೊತೆಗೇ ಮೂಡಿ, ಸೂರ್ಯನ ಜೊತೆಗೇ ಮುಳುಗುತ್ತದೆ.

ಡಿಸೆಂಬರ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಗೆ ತಾರಸಿ ಹತ್ತಿ. ಬೀದಿ ದೀಪ ಕಣ್ಣಿಗೆ ಹೊಡೆಯದ ಕಡೆ ನಿಂತು ಪೂರ್ವಕ್ಕೆ ನೋಡಿ. ಮೂರು ಚುಕ್ಕಿ ಒಂದೇ ಸಾಲಿನಲ್ಲಿ, ಒಂದರ ಮೇಲೊಂದು ಇರುತ್ತವೆ. ಅವುಗಳ ಎಡಕ್ಕೆ, ಊದುಬತ್ತಿಯ ಕೆಂಡದ ಹಾಗೆ ಕೆಂಪಗೆ ಕಾಣುವುದೇ ಆರಿದ್ರಾ. ಮೇಲುಗಡೆ ಇನ್ನೊಂದು ಕೆಂಪು ಚುಕ್ಕಿ ಇದೆ. ಅದು ರೋಹಿಣಿ.

2019ರ ಕೊನೆಯಲ್ಲಿ ಆರಿದ್ರಾ ಮಂಕಾಗತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಉಳಿಯಿತು. ರೋಹಿಣಿಗಿಂತ ಮಂಕು! ನಕ್ಷತ್ರ ಒಡೆದು ಹೋಗುತ್ತೆ ಅಂತ ಸುದ್ದಿ ಹಬ್ಬಿತು. ಒಡೆದರೆ ನಮ್ಮ ಗತಿ ಏನು ಅಂತ ಈಗಲೂ ಕೇಳುವವರಿದ್ದಾರೆ. ಅದು ಒಡೆಯಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಬೆಳಗಿತು.

ಆರಿದ್ರಾ ಬಹಳ ದೊಡ್ಡದು. ಸೂರ್ಯನ ಜಾಗದಲ್ಲಿ ಅದನ್ನು ಇಟ್ಟರೆ ನಮ್ಮ ಭೂಮಿ ಅದರ ಹೊಟ್ಟೆಯೊಳಗೆ ಸೇರಿಹೋದೀತು. ಅದು ಉಬ್ಬುತ್ತದೆ, ಕುಗ್ಗುತ್ತದೆ. ಅನ್ನ ಬೇಯುವಾಗ ಮುಚ್ಚಳ ನೋಡಿದ್ದೀರಿ. ಆವಿ ಸೇರಿದರೆ ಏಳುತ್ತೆ, ಆವಿ ಹೊರಟರೆ ಬೀಳುತ್ತೆ, ಮತ್ತೆ ಏಳುತ್ತೆ. ನಕ್ಷತ್ರದ ಹೊರಪದರವೂ ಒಳಗಿನ ಶಾಖವನ್ನು ಹೀಗೇ ತಡೆದು, ಹೀಗೇ ಬಿಡುತ್ತದೆ. ಒಂದು ಸಲ ಉಬ್ಬಿ ಕುಗ್ಗಲು ಸುಮಾರು 400 ದಿನ ಬೇಕು. ಅದರಂತೆ ಬೆಳಕೂ ಹೆಚ್ಚು ಕಡಿಮೆ ಆಗುತ್ತದೆ. ಆ ವರ್ಷ ಮಾತ್ರ ಇನ್ನೊಂದು ಸೇರಿಕೊಂಡಿತು. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ, ನಮ್ಮ ಕಣ್ಣಿಗೆ ಅಡ್ಡ ಬಂತು.

ಒಂದು ದಿನ ಅದು ಒಡೆಯುವುದು ನಿಜ. ಅದಕ್ಕೆ ಇನ್ನೂ ಸಾವಿರಾರು ವರ್ಷ, ಒಂದು ಲಕ್ಷ ವರ್ಷವೂ ಆದೀತು ಅಂತ ಬಹಳಷ್ಟು ವಿಜ್ಞಾನಿಗಳ ಲೆಕ್ಕ. ಒಡೆದರೂ ನಮಗೆ ಏಟಿಲ್ಲ, ಅಷ್ಟು ದೂರ. ಇವತ್ತು ಕಾಣುವ ಅದರ ಬೆಳಕು, ಕೆಂಪೇಗೌಡರು ಬೆಂಗಳೂರು ಕಟ್ಟುವ ಮೊದಲೇ ಅಲ್ಲಿಂದ ಹೊರಟದ್ದು!

ಈ ಏರಿಳಿತವನ್ನು 1836ರಲ್ಲಿ ಜಾನ್ ಹರ್ಷೆಲ್ ಎಂಬುವರು ಗುರುತಿಸಿದರು. ಬೇರೆ ಚುಕ್ಕಿಗಳ ಜೊತೆ ಹೋಲಿಸಿ, ಬರಿಗಣ್ಣಿನಿಂದ. 2020ರಲ್ಲೂ ಲೋಕದ ಎಷ್ಟೋ ಕಡೆ ಸಾಮಾನ್ಯ ಜನ ಹೀಗೇ ನೋಡಿ ಬರೆದಿಟ್ಟರು.

ನಿಮ್ಮ ನೋಟ್‌ಬುಕ್ಕಿನಲ್ಲೂ ಒಂದು ಪುಟ ಬಿಡಿ. ಹದಿನೈದು ದಿನಕ್ಕೊಮ್ಮೆ ತಾರೀಕು ಹಾಕಿ. ರೋಹಿಣಿ ಹೆಚ್ಚೋ, ಆರಿದ್ರಾ ಹೆಚ್ಚೋ, ಬರೆಯಿರಿ. ಮೋಡ ಕವಿದಿದ್ದರೆ 'ಮೋಡ' ಅಂತಲೇ ಬರೆಯಿರಿ. ಏಪ್ರಿಲ್ ತನಕ ನೋಡಬಹುದು.